ಹಳೆಯ ಪೆಟ್ಟಿಗೆಯನ್ನು ಬಿಚ್ಚಬೇಡ

ಪಾಲಣ್ಣ,

ಆದಿವಾಲದ ಬಸ್ಸಿಗೆ ಹೊರಟೆ, ಶಾಲೆಗೆ ಹೊತ್ತಾಯಿತು. ಮುದ್ದೆ, ಸೊಪ್ಪಿನ ಸಾರು ಮುಚ್ಚಿಟ್ಟಿದ್ದೇನೆ. ಮೊದಲು ಅವ್ವನಿಗೆ ಬಡಿಸು, ಆಮೇಲೆ ನಿನ್ನ ಮೈಕ್ ಸೆಟ್ಟಿನ ಮುಂದೆ ಕುಳಿತುಕೋ.

ನೀನು ತಂದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಚೆನ್ನಾಗಿದೆ, ಒಪ್ಪಿದೆ. ಸ್ವಿಚ್ ಒತ್ತಿದೊಡನೆ ಹಾಡುತ್ತದೆ, ತಬಲಾದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಹಳೆಯ ವಾಲ್ವ್ ಪೆಟ್ಟಿಗೆಯ ದನಿಯೇ ದುಂಡಗಿತ್ತು ಎಂದು ಇನ್ನು ಜಗಳವಾಡುವುದಿಲ್ಲ.

ಆದರೆ ಕಿವಿ ಪೂರ್ತಿ ಹೋದ ಮೇಲೆ ಅವ್ವ ಹಾಡು ಕೇಳಿದ್ದು ಅಂಗೈಯಲ್ಲಿ. ಒಳಗಿನ ಗಾಜಿನ ವಾಲ್ವ್‌ಗಳು ಕಾದು ಪೆಟ್ಟಿಗೆ ಬಿಸಿಯಾದರೆ ಅದರ ಮೇಲೆ ಕೈಯಿಟ್ಟು ತಲೆದೂಗುತ್ತಿದ್ದಳು. ನಿನ್ನೆ ಹೊಸದರ ಮೇಲೆ ಕೈಯಿಟ್ಟಳು. ಹಾಡು ಬೀದಿಗೆಲ್ಲ ಕೇಳುತ್ತಿತ್ತು. "ಪಾಲ ಹಾಡು ಯಾಕೆ ನಿಲ್ಸಿದ್ನೇ? ಪೆಟ್ಗೆ ತಣ್ಣಗೈತಲ್ಲೇ" ಅಂದಳು. ಅವಳಿಗೆ ಹೇಗೆ ತಿಳಿಸಲಿ?

ಹಳೆಯದು ಇನ್ನು ಹಾಡುವುದಿಲ್ಲ, ಅದರ ಬಿಡಿಭಾಗವೂ ಸಿಗುವುದಿಲ್ಲ, ಗೊತ್ತು. ಆದರೂ ವಾಲ್ವ್‌ಗಳು ಹತ್ತುತ್ತವೆ, ಬಿಸಿಯಾಗುತ್ತವೆ. ಬಿಚ್ಚಿ ಗುಜರಿಗೆ ಹಾಕುವ ಯೋಚನೆ ಬಿಡು. ಅಟ್ಟದಿಂದ ಇಳಿಸಿ ಅವಳ ಪಕ್ಕದಲ್ಲಿಟ್ಟು ಹಚ್ಚು.

ಸುಮ್ಮನೆ ಎದ್ದು ಹೋಗಬೇಡ. ಅವಳು ನಿನ್ನ ಮುಖ ನೋಡುತ್ತಾಳೆ. ಎದುರಿಗೆ ಕುಳಿತು ನೀನೂ ಸ್ವಲ್ಪ ತಲೆದೂಗು.

ಅಕ್ಕ