ಅಜ್ಜಿಗೆ ಉಳಿದ ಒಂದೇ ಮಾತು

ದಂಡಿಗನಹಳ್ಳಿ
ಭಾನುವಾರ

ಮಾನ್ಯ ಗುರುಗಳೇ,

ನನ್ನ ಸಂಶೋಧನಾ ಪ್ರಬಂಧದಿಂದ ಅಜ್ಜಿಯ ಅಧ್ಯಾಯವನ್ನು ತೆಗೆಯಬೇಕೆಂದಿರಿ. ಪ್ಲೇಟೋವಾದ ಹೇಳುವಂತೆ ಅರ್ಥ ಯಾರ ಬಾಯಿಯ ಹಂಗೂ ಇಲ್ಲದೆ ನಿತ್ಯವಾಗಿರುತ್ತದೆ, ಇಂದಿನ ಭಾಷಾ ತತ್ವಶಾಸ್ತ್ರದಲ್ಲೂ ಆ ವಾದಕ್ಕೆ ಬೆಂಬಲವಿದೆ, ಮುದುಕಿಯ ತೊದಲು ಬರೀ ಸದ್ದು ಎಂದಿರಿ.

ಪಾರ್ಶ್ವವಾಯು ಬಡಿದ ಮೇಲೆ ಅಜ್ಜಿಗೆ ಉಳಿದದ್ದು ‘ಸೊಪ್ಪು’ ಎಂಬ ಒಂದೇ ಮಾತು. ಅದನ್ನು ಕೇಳಿದೊಡನೆ ಅಮ್ಮ ಒಳಗಿನಿಂದಲೇ, “ಅತ್ತೆಗೆ ಬಾಯಾರ್ಕೆ ಆಗೈತೆ ಕಣೇ, ನೀರ್ ಕೊಡು” ಎನ್ನುತ್ತಿದ್ದಳು. ದನಿ ಬೇರೆಯಾದರೆ ನಾನು ಕಾಲು ಒತ್ತುತ್ತಿದ್ದೆ. ಕೊನೆಯ ದಿನ ನನ್ನ ಕೆನ್ನೆ ಸವರಿ ‘ಸೊಪ್ಪು’ ಎಂದಳು. ಆ ಅರ್ಥ ನಮ್ಮಿಬ್ಬರ ನಡುವೆಯೇ ಹುಟ್ಟಿತು.

ಅಧ್ಯಾಯವನ್ನು ತೆಗೆಯುವುದಿಲ್ಲ. ಎರಡು ವರ್ಷದ ಕೆಲಸ ಹೋದರೂ ಸರಿ, ಮಾರ್ಗದರ್ಶಕರ ಬದಲಾವಣೆಗೆ ಅರ್ಜಿ ಲಗತ್ತಿಸಿದ್ದೇನೆ. ದಯವಿಟ್ಟು ಸಹಿ ಮಾಡಿಡಿ. ಗುರುವಾರ ಹಾಸನಕ್ಕೆ ಬಂದು ಪಡೆಯುತ್ತೇನೆ.

ನಿಮ್ಮಿಂದಲೇ ವಾದ ಮಾಡಲು ಕಲಿತ
ಮೇಘಶ್ರೀ