ಮೆಷಿನ್ ಪಕ್ಕದ ಬುಟ್ಟಿ

ಭಾನುವಾರ, ಸಂಜೆ ನಾಲ್ಕು ಗಂಟೆ

ನನ್ನ ಮುದ್ದು ಮಗಳೇ,

ನಿನ್ನ ಕಾಗದ ಎರಡು ಸಲ ಓದಿದೆ. ನಮ್ಮ ಬುಗುರಿ, ನಿನ್ನ ಮಗಳು, ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾಳೆ, ಎರಡನೇ ಕ್ಲಾಸಿಗೆ ಬಂದರೂ ಐದು ನಿಮಿಷ ಕೂರುವುದಿಲ್ಲ ಎಂದು ಟೀಚರ್ ದೂರಿದರಂತೆ. ಮಕ್ಕಳ ಡಾಕ್ಟರು ಅವಳ ಮೊದಲ ತಿಂಗಳುಗಳ ಬಗ್ಗೆ ಕೇಳಿದರಂತೆ. ಬಾಣಂತನದಲ್ಲಿ ಕಾಯಿಲೆ ಬಿದ್ದು ನೀನು ಮಗುವನ್ನು ಮುಟ್ಟದೇ ಇದ್ದದ್ದರಿಂದಲೇ ಹೀಗಾಯಿತು ಎಂದು ಅಳುತ್ತಿದ್ದೀಯ. ಇಂಥದ್ದಕ್ಕೆ ಒಂದೇ ಕಾರಣ ಇರುವುದಿಲ್ಲ ಎಂದು ಆ ಡಾಕ್ಟರೇ ಹೇಳಿದರಲ್ಲ. ಅದನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀಯ, ನಿನ್ನ ತಪ್ಪಿಗೆ ಮಾತ್ರ ಎರಡು ಪುಟ.

ಆಗ ಮಗುವನ್ನು ಯಾರು ಎತ್ತಿಕೊಳ್ಳುತ್ತಿದ್ದರು ಎಂದು ಕೇಳಿದ್ದೀಯ. ಕೆಳಗೇ ಇಳಿಸಲಿಲ್ಲ ಎಂದು ಇಷ್ಟು ವರ್ಷ ಜಂಬ ಕೊಚ್ಚಿಕೊಂಡೆ. ಸುಳ್ಳು. ಹೊಲಿಗೆ ಮೆಷಿನ್ ಪಕ್ಕದಲ್ಲಿ ಬಟ್ಟೆ ಬುಟ್ಟಿ, ಬುಟ್ಟಿಯಲ್ಲಿ ಅವಳು. ಲೈನಿಂಗ್ ಬಟ್ಟೆಯ ಸುರುಳಿಗೆ ಬಾಟಲಿ ಒರಗಿಸಿ ಹಾಲು ಕುಡಿಸುತ್ತಿದ್ದೆ. ಅವಳು ಊ ಅಂದರೆ ನಾನೂ ಊ ಅನ್ನುತ್ತಿದ್ದೆ, ಕಣ್ಣು ಮಾತ್ರ ಹೊಲಿಗೆಯ ಮೇಲೆ. ಊರಿನವರ ಅಳತೆಯೆಲ್ಲ ಬಾಯಿಪಾಠ, ಮೊಮ್ಮಗಳ ಮಚ್ಚೆ ಯಾವ ಕೆನ್ನೆಯಲ್ಲಿದೆ ಎಂದರೆ ತಡವರಿಸುತ್ತಿದ್ದೆ.

ಈ ರಜೆಯಲ್ಲಿ ಅವಳು ಇಲ್ಲಿದ್ದಾಗ ನನಗೊಂದು ಕುತೂಹಲ ಹತ್ತಿತು. ಲೆಕ್ಕ ಮಾಡಲು ಕೂರಿಸಿ ಮೆಷಿನ್ ತುಳಿದೆ. ಕೂತಳು. ನಿಲ್ಲಿಸಿದೆ, ಎದ್ದಳು. ಮೂರು ಸಲ ನೋಡಿದೆ, ಮೂರು ಸಲವೂ ಹಾಗೆಯೇ. ನಾಲ್ಕನೇ ಸಲ ಮೆಷಿನ್ ಮುಚ್ಚಿ, ಎದುರಿಗೆ ಕೂತು ಅವಳನ್ನೇ ನೋಡಿದೆ. ನನ್ನ ಮುಖದ ಮೇಲೇನು ಕೋತಿ ಕುಣಿಯುತ್ತಿದೆಯಾ ಅಜ್ಜಿ ಎಂದು ಕೇಳಿದಳು. ನಾಲಿಗೆ ನಿನ್ನದೇ. ಒಂದು ಲೆಕ್ಕಕ್ಕೆ ಹತ್ತು ಕಥೆ ಹೇಳಿದಳು, ಆದರೆ ಕೂತಲ್ಲಿಂದ ಏಳಲಿಲ್ಲ. ಇದಕ್ಕೇನು ಅರ್ಥವೋ ನಾನರಿಯೆ, ಡಾಕ್ಟರನ್ನೇ ಕೇಳು. ನನಗಂತೂ ಸಂಕಟವಾಯಿತು, ಜೊತೆಗೇ ಆಸೆಯೂ ಹುಟ್ಟಿತು. ನೀನೂ ಒಂದು ದಿನ ಹೀಗೆ ಸುಮ್ಮನೆ ಎದುರಿಗೆ ಕೂತು ನೋಡು.

ನಿನ್ನ ತಪ್ಪು ಅನ್ನುವ ಮಾತು ಬಿಡು, ಮಗಳೇ.

ಇಂತಿ,
ನಿನ್ನ ಅಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಹೆದರಿದ್ದು: ನಿನ್ನ ಸೋಂಕು ತಗಲಬಾರದೆಂದು ಮಗುವನ್ನು ದೂರ ಇಡಲು ಆಗಿನ ಡಾಕ್ಟರು ನನಗೆ ಹೇಳಿದ್ದು ಹದಿನೈದೇ ದಿನ. ದೂರ ಇಟ್ಟ ಹದಿನಾಲ್ಕನೇ ದಿನ, ಒಂದೂವರೆ ತಿಂಗಳ ಅವಳು ಬುಟ್ಟಿಯಿಂದ ನನ್ನನ್ನು ನೋಡಿ ಮೊದಲ ಸಲ ನಕ್ಕಳು. ಆ ನಗು ಬಿಟ್ಟುಕೊಡಲಾರದೆ, ಡಾಕ್ಟರು ಎರಡು ತಿಂಗಳು ಅಂದರು ಎಂದು ನಿನಗೆ ಹೇಳಿಬಿಟ್ಟೆ. ನೀನು ದಿನವೂ ಬಾಗಿಲಾಚೆ ನಿಂತು, ಅವಳ ದನಿ ಕೇಳಬೇಕು, ಒಂದು ಗಳಿಗೆ ಮೆಷಿನ್ ನಿಲ್ಲಿಸಮ್ಮ ಎಂದು ಬೇಡುತ್ತಿದ್ದೆ. ನಾನು ತುಳಿಯುತ್ತಲೇ ಇದ್ದೆ.