ಪುಸ್ತಕದಲ್ಲಿಲ್ಲದ ಮುದುಕ

೯ ಏಪ್ರಿಲ್ ೧೯೬೭, ಭಾನುವಾರ ಸಂಜೆ

ಮತ್ತೆ ಪಬ್ಲಿಕ್ ಗಾರ್ಡನ್. ಅದೇ ಬೇವಿನ ಮರ, ಅದೇ ಜಮಖಾನ, ಅದೇ ರೊಟ್ಟಿ ಬುತ್ತಿ. ಬೇಸಿಗೆಗೆ ಊಟಿಗೆ ಹೋಗುವವರಿದ್ದಾರೆ. ನಮ್ಮದು ಕಾಚಿಗುಡದಿಂದ ನಾಂಪಲ್ಲಿಗೆ ರಿಕ್ಷಾ ಪ್ರವಾಸ.

ಊಟ ಮುಗಿದದ್ದೇ ಮಾವನವರು ಎಲೆಅಡಿಕೆ ಬಾಯಿಗಿಟ್ಟು ಅಪ್ಪಣೆ ಕೊಟ್ಟರು— "ಶಿವದೇವಿ, ಪುಸ್ತಕ ತಗಿಯವಾ. ನನಗ ಕಣ್ಣು ಸಾಲಂಗಿಲ್ಲ. ಜೋರಾಗಿ ಓದು."

ಸಾಲುವುದಿಲ್ಲವಂತೆ! ಬೆಳಿಗ್ಗೆ ಉರ್ದು ಪೇಪರಿನ ಜಾಹೀರಾತನ್ನೂ ಬಿಡದೆ ಓದಿದ್ದು ಯಾರ ಕಣ್ಣು? ತಹಶೀಲ್ ಕಚೇರಿಯಿಂದ ರಿಟೈರ್ ಆದರೂ ಸಾಹೇಬರಿಗೆ ಗುಮಾಸ್ತರು ಬೇಕು. ಸೊಸೆ ಸಿಕ್ಕಳು.

ಧಾರವಾಡದಲ್ಲಿ ಅಟ್ಟದ ಮೇಲೆ ಒಬ್ಬಳೇ ಕೂತು ಓದಿದವಳು ನಾನು. ಇಲ್ಲಿ ನಾಯಕ ನಾಯಕಿಯ ಕೈ ಹಿಡಿದರೆ ಸಾಕು, ಪುಟ ಹಾರಿಸಬೇಕು. ಎದುರಿಗೆ ಅತ್ತೆ. ಗಂಡನಿಗೆ ಮೊದಲ ಪುಟಕ್ಕೇ ಗೊರಕೆ.

೧೬ ಏಪ್ರಿಲ್

ಗಂಡಿಪೇಟೆ ಕೆರೆ. ಕೆಟ್ಟ ಬಿಸಿಲು. ಮತ್ತೆ ಓದು. ಮಾವನವರ ವಿಮರ್ಶೆ— "ಇದನ್ನ ಬರದಾವಗ ಅಕಲ್ ಇಲ್ಲ." ಬುದ್ಧಿ ತಮಗೆ ಬಹಳ ಇದ್ದಂತೆ.

ಆದರೂ ಬಾಯಿ ಮುಚ್ಚಿಕೊಂಡಿದ್ದೇನೆ. ಕನ್ನಡ ಸಂಘದ ಲೈಬ್ರರಿ ಕಾರ್ಡ್ ಅವರ ಹೆಸರಲ್ಲಿದೆ. ಮುನಿದರೆ ಪುಸ್ತಕ ಬಂದ್. ಪುಸ್ತಕವೂ ಇಲ್ಲದಿದ್ದರೆ ಈ ಊರಲ್ಲಿ ನನಗೆ ಹುಚ್ಚು ಹಿಡಿಯುತ್ತದೆ.

೧೯ ಏಪ್ರಿಲ್

ಗಂಡನನ್ನು ಕೇಳಿಯೇಬಿಟ್ಟೆ— "ಮಾವಾರ ಕಣ್ಣು ಉರ್ದು ಓದಾಕಷ್ಟ ಛಲೋ ಅದಾವೇನ್ರಿ?"

"ಸಾವಕಾಶ ಮಾತಾಡು. ಅಪ್ಪಾರಿಗೆ ಕನ್ನಡ ಓದಾಕ ಬರಂಗಿಲ್ಲ. ನಿಜಾಮರ ಕಾಲದಾಗ ಸಾಲಿ, ಕಚೇರಿ ಎಲ್ಲಾ ಉರ್ದು. ಈಗ ಸಂಘದ ಉಪಾಧ್ಯಕ್ಷರು ಬ್ಯಾರೆ. ಯಾರ ಮುಂದೂ ಹೇಳಬ್ಯಾಡ."

ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಕನ್ನಡ ಉಳಿಸಿ ಎಂದು ವೇದಿಕೆ ಹತ್ತಿ ಗುಡುಗುವವರು! ಅಕ್ಷರ ಬಾರದವರು ಬರೆದವನ ಅಕಲ್ ಅಳೆಯುವುದು! ಥೂ.

೨೩ ಏಪ್ರಿಲ್

ಗೋಲ್ಕೊಂಡಾ. ಮೆಟ್ಟಿಲು ಹತ್ತಲಾರದೆ ಕೆಳಗೇ ಜಮಖಾನ ಹಾಸಿದ್ದಾಯಿತು.

ಹಾರಿಸಿದ ಪುಟಗಳ ಜಾಗಕ್ಕೆ ಇವತ್ತು ನನ್ನದೇ ಒಬ್ಬ ಮುದುಕನನ್ನು ತಂದೆ. ಜಿಪುಣ. ಬಾಯಿಬಡುಕ. ಗೊತ್ತಿಲ್ಲದ್ದರ ಮೇಲೆಲ್ಲ ಭಾಷಣ. ಎಲೆಅಡಿಕೆ ರಸ ಧೋತರದ ಮೇಲೆ ಸುರಿಸಿಕೊಂಡು ಸೊಸೆಯನ್ನು ಬೈಯುವವನು. ಪುಟದ ಮೇಲೆ ಕಣ್ಣಿಟ್ಟು, ದನಿ ಬದಲಿಸದೆ "ಓದಿದೆ".

ಮಾವನವರು ತೊಡೆ ತಟ್ಟಿ ನಕ್ಕರು. "ವಾಹ್! ಇಂಥಾವ್ರು ನಮ್ಮ ಕಚೇರ್‍ಯಾಗ ಭಾಳ ಮಂದಿ ಇದ್ರು!" ಕಣ್ಣಲ್ಲಿ ನೀರು ಬರುವಷ್ಟು ನಗು.

ಅತ್ತೆ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು.

೭ ಮೇ

ಝೂ. ಮುದುಕ ಬೆಳೆಯುತ್ತಿದ್ದಾನೆ. ನಾಯಕನನ್ನು ಈಗ ಯಾರೂ ಕೇಳುವುದಿಲ್ಲ. ವಾರವಿಡೀ ಒಂದೇ ಪ್ರಶ್ನೆ— "ಮುದುಕಂದು ಮುಂದ ಏನಾತವಾ?" ಪುಸ್ತಕ ವಾಪಸ್ ಕೊಡಲೂ ಬಿಡುತ್ತಿಲ್ಲ. ಸಂಘದಲ್ಲಿ ಅವನ ಕಥೆ ಹೇಳಿ ಎಲ್ಲರನ್ನೂ ನಗಿಸಿದರಂತೆ. ಅಲ್ಲಿ ಆ ಪುಸ್ತಕ ಓದಿದವರು ಒಬ್ಬರೂ ಇಲ್ಲ. ಇವರೇ ಕನ್ನಡ ಉಳಿಸುವವರು!

೩೧ ಮೇ

ಕೆಲವು ದಿನಗಳಿಂದ ಮಧ್ಯಾಹ್ನ ಅತ್ತೆ-ಮಾವ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಈ ವಯಸ್ಸಿನಲ್ಲಿ ಇದೇನು ಎಂದು ಮೂಗು ಮುರಿದಿದ್ದೆ. ಇವತ್ತು ನೀರು ಕೊಡಲು ಬಾಗಿಲು ತಳ್ಳಿ ಒಳಗೆ ಹೋದೆ. ಅತ್ತೆಗೆ ಕನ್ನಡ ಓದಲು ಬರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ; ಬೆರಳಿಟ್ಟು ತೋರಿಸುತ್ತಿದ್ದಾರೆ. ಅರವತ್ತು ದಾಟಿದ ಸಾಹೇಬರು ನಾಲಿಗೆ ಕಚ್ಚಿಕೊಂಡು ಸ್ಲೇಟಿನ ಮೇಲೆ ಕಾಗುಣಿತ ತಿದ್ದುತ್ತಿದ್ದಾರೆ.

ನನ್ನನ್ನು ಕಂಡು ಸ್ಲೇಟು ಮುಚ್ಚಿಟ್ಟುಕೊಂಡರು. ಆಮೇಲೆ ತಾವೇ ತೆಗೆದರು. "ನಿನಗ ಎಷ್ಟಂತ ತ್ರಾಸ ಕೊಡ್ಲಿ? ಆ ಮುದುಕನ್ನ ನಾನಽ ಓದಬೇಕು ಅಂತ ಕಲಿಯಾಕತ್ತೀನಿ."

ಪುಸ್ತಕದಲ್ಲಿ ಆ ಮುದುಕ ಎಲ್ಲಿದ್ದಾನೆ! ನೀರಿನ ಲೋಟ ಅಲ್ಲೇ ಇಟ್ಟು ಬಂದೆ.

೧೮ ಜೂನ್, ಬೆಳಿಗ್ಗೆ

ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿದ್ದೆ. ಅತ್ತೆ ಹುಡುಕಿ ಮಾವನವರಿಗೆ ತಂದುಕೊಟ್ಟರು.

ನಾಲ್ಕು ದಿನಗಳಿಂದ ಮಾವನವರು ಹೊರಗೆ ಹೋಗಿಲ್ಲ. ಒಂದೊಂದೇ ಅಕ್ಷರ ಕೂಡಿಸುತ್ತಾರೆ, ಪುಟ ತಿರುವುತ್ತಾರೆ, ಮತ್ತೆ ಹಿಂದಕ್ಕೆ. ಸಂಘಕ್ಕೂ ಹೋಗಿಲ್ಲ. ಈಗಷ್ಟೇ ಕರೆದರು. ಪುಸ್ತಕ ಮಡಿಲಲ್ಲಿತ್ತು. ಮುಖ ಸಣ್ಣಗಾಗಿತ್ತು.

"ನನ್ನ ಓದಽ ಸರಿ ಇಲ್ಲ ಕಾಣತೈತಿ, ತಂಗಿ. ಆ ಮುದುಕ ಎಲ್ಲೂ ಸಿಗವಲ್ಲ. ಈ ವಯಸ್ಸಿನ್ಯಾಗ ಇದು ನನ್ನ ಕೈಲಿ ಆಗೂದಲ್ಲ. ಸ್ಲೇಟು ಯಾರಿಗರೆ ಕೊಟ್ಟುಬಿಡು."

ಹೇಳಿದರೆ ಕಾರ್ಡ್ ಹೋಯಿತು, ಮಾನವೂ ಹೋಯಿತು. ಹೇಳದಿದ್ದರೆ ಇವರು ಇನ್ನೆಂದೂ ಓದುವುದಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ. ಸ್ಲೇಟು ನನ್ನ ಮುಂದೆಯೇ ಇದೆ. ಹೋಗುತ್ತೇನೆ. ಹೋಗಿ ಹೇಳಿಬಿಡುತ್ತೇನೆ— ಮಾವಾರ, ನಿಮ್ಮ ಓದು ಸರಿ ಐತ್ರಿ. ಆ ಮುದುಕ ಪುಸ್ತಕದಾಗ ಇಲ್ರಿ. ಅಂವ...